ಕಚ್ಚಿದ ಗುರುತು

2019ರ ಮಾರ್ಚ್ 14, ಗುರುವಾರ, ಸಂಜೆ 6 ಗಂಟೆ 10 ನಿಮಿಷ. ಸಾಮಾನಿನ ಕೋಣೆಯ ಹೊರಚಿಲಕ ಎಳೆದರೆ ಸಲೀಸಾಗಿ ಬಂತು, ಬಾಗಿಲು ಮಾತ್ರ ಅಲುಗಲಿಲ್ಲ. ಒಳಗಿನಿಂದ ಏನೋ ಭಾರ ಅದಕ್ಕೆ ಆತುಕೊಂಡಿತ್ತು. ಹಲ್ಲಕ್ಕ ಭುಜ ಕೊಟ್ಟು ಒಂದು ಗೇಣಿನಷ್ಟು ತಳ್ಳಿ, ಸಂದಿಯಲ್ಲಿ ಕೈ ತೂರಿಸಿ ಸವರಿದಳು. ಬೆರಳಿಗೆ ಮೊದಲು ಬಟ್ಟೆ ಸಿಕ್ಕಿತು, ಆಮೇಲೆ ಕೂದಲು. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು.

"ಅತ್ತೆ, ನಾನು. ಸ್ವಲ್ಪ ಆ ಕಡೆ ಸರೀರಿ."

ಒಳಗಿನಿಂದ ಪಿಸುಮಾತು ಬಂತು. "ಹೋದ್ನಾ?"

ಅವನು ಹೋಗಿ ಎರಡು ತಾಸಿನ ಮೇಲಾಗಿತ್ತು. ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದನ್ನೂ ಒಡೆಯದೆ ಬಿಚ್ಚಿ, ಹೊರಗೆ ಗೋಡೆಗೆ ಸಾಲಾಗಿ ಒರಗಿಸಿಟ್ಟು ಒಳಗಿಳಿದಿದ್ದ. ಬೀರುವಿನ ಬಟ್ಟೆಗಳನ್ನು ಎಳೆದು ಬಿಸಾಡಿರಲಿಲ್ಲ, ತೆಗೆದು ಮಂಚದ ಮೇಲೆ ಪೇರಿಸಿದ್ದ. ಹೋದದ್ದು ಹಲ್ಲಕ್ಕನ ಸರ, ಒಂದು ಜೊತೆ ಬಳೆ, ಗಂಡನ ಕೈಗಡಿಯಾರ, ಅತ್ತೆಯ ದಿಂಬಿನ ಪಕ್ಕದಲ್ಲಿರುತ್ತಿದ್ದ ಪುಟ್ಟ ರೇಡಿಯೋ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಬಂದವನು ಅತ್ತೆಯ ಮೊಣಕೈ ಹಿಡಿದು, ರಸ್ತೆ ದಾಟಿಸುವವನ ಹಾಗೆ ನಡೆಸಿಕೊಂಡು ಹೋಗಿ ಸಾಮಾನಿನ ಕೋಣೆಯಲ್ಲಿ ಕೂಡಿಸಿದ್ದನಂತೆ. "ಅಜ್ಜಿ, ಗಲಾಟೆ ಮಾಡ್ಬೇಡಿ. ಒಳಗೆ ತಣ್ಣಗಿದೆ, ಕೂತ್ಕೊಳ್ಳಿ" ಅಂದನಂತೆ. ಅಷ್ಟು ಹೇಳಿ ಅತ್ತೆ ಬಾಯಿ ಮುಚ್ಚಿಕೊಂಡರು.

ಅತ್ತೆ ಬಾಯಿ ಮುಚ್ಚಿಕೊಳ್ಳುವುದೆಂದರೆ ಏನೆಂದು ಆ ಬೀದಿಯವರಿಗೆ ಗೊತ್ತಿತ್ತು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಊರಿಗೆ ಹಂಚಿದ ಹೆಂಗಸು. ಒಮ್ಮೆ ಕೇಳಿದ ದನಿ ಮರೆತವರಲ್ಲ. ತಪ್ಪು ನಂಬರಿಗೆ ಫೋನು ಬಂದರೂ ಹತ್ತು ನಿಮಿಷ ಹರಟೆ ಹೊಡೆದು, ಆ ಕಡೆಯವರ ಮೊಣಕಾಲು ನೋವಿಗೆ ಔಷಧ ಹೇಳಿ ಇಡುತ್ತಿದ್ದರು. 'ಹಲ್ಲಕ್ಕ' ಎಂಬ ಹೆಸರೂ ಅವರು ಇಟ್ಟದ್ದೇ. ದಂತವೈದ್ಯರಿಗೆ ಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಸೊಸೆಗೆ ಕೆಲಸ ಎಂದು ತಿಳಿದ ದಿನ, "ಒಳ್ಳೇದಾಯ್ತು, ನನ್ನ ಮಗ ಹಲ್ಲು ಕಿರಿಯೋನು, ನೀನು ಹಲ್ಲು ಮಾಡೋಳು, ಸರಿಹೋಯ್ತು ಜೋಡಿ" ಅಂದಿದ್ದರು. ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಲ್ಯಾಬಿಗೆ ಹೋಗಿ ಅಲ್ಲೇ ನೆಲೆಯಾಗಿತ್ತು.

ಪೊಲೀಸರು ಬಂದು ಬರೆದುಕೊಂಡು ಹೋದರು. ಅತ್ತೆಗೆ ಒಂದು ಲೋಟ ಹಾಲು ಕಾಯಿಸೋಣವೆಂದು ಹಲ್ಲಕ್ಕ ಫ್ರಿಜ್ ತೆಗೆದಾಗ ಕಂಡದ್ದು ಚಾಕೊಲೇಟು. ಕೇಕ್ ಮಾಡಲು ತಂದಿಟ್ಟಿದ್ದ ಅಂಗೈ ಅಗಲದ, ಎರಡು ಬೆರಳು ದಪ್ಪದ ಗಟ್ಟಿ. ಕಾಗದ ಬಿಡಿಸಿ, ಒಂದು ಮೂಲೆ ಕಚ್ಚಿ, ಮತ್ತೆ ಕಾಗದ ಸುತ್ತಿ ಇದ್ದ ಜಾಗದಲ್ಲೇ ಇಟ್ಟಿದ್ದ. ಗೋಡೆಯ ಆಚೆ ಒಬ್ಬ ಮುದುಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುವಾಗ ಅವನು ಇಲ್ಲಿ ನಿಂತು, ಫ್ರಿಜ್ಜಿನ ತಂಪಿಗೆ ಮುಖ ಕೊಟ್ಟು, ರುಚಿ ನೋಡಿದ್ದ. ಸರ ಹೋದದ್ದಕ್ಕೆ ಬಾರದ ಸಿಟ್ಟು ಆಗ ಬಂತು. ಬಂದದ್ದು ಗಟ್ಟಿಯಾಗಿ ಕೂತುಬಿಟ್ಟಿತು.

ಸಿಟ್ಟಿನ ಹಿಂದೆಯೇ ಕಸುಬು ಎದ್ದು ಕುಳಿತಿತು. ಗುರುತು ಅಷ್ಟು ಸ್ಪಷ್ಟವಾಗಿತ್ತು. ಮೇಲಿನ ಎಡಗಡೆಯ ಎರಡನೆಯ ಹಲ್ಲು ಅರೆತೆರೆದ ಬಾಗಿಲಿನಂತೆ ಹೊರಕ್ಕೆ ತಿರುಗಿತ್ತು. ಮುಂದಿನ ಬಲಗಡೆಯ ಹಲ್ಲಿನ ಮೂಲೆ ಒಡೆದಿತ್ತು. ಕೆಳಗಿನ ನಡುಹಲ್ಲುಗಳೆರಡು ಒಂದರ ಮೇಲೊಂದು ಕಾಲು ಹಾಕಿಕೊಂಡು ಕೂತಿದ್ದವು. ಮನೆಯಲ್ಲಿ ಇನ್ಯಾರ ಬಾಯಿಯೂ ಹೀಗಿರಲಿಲ್ಲ: ಅತ್ತೆಯ ಹಲ್ಲುಸೆಟ್ಟು ಅವಳೇ ಕೂಡಿಸಿದ್ದು, ಗಂಡನ ಹಲ್ಲು ಎಣಿಸಿಟ್ಟ ಹಾಗೆ ನೇರ. ಕಚ್ಚಿದ ಗುರುತೆಂದರೆ ಅಚ್ಚು; ಅಚ್ಚಿಗೆ ಎರೆದರೆ ಹಲ್ಲು. ಮರುದಿನ ಲ್ಯಾಬಿನಿಂದ ಗಟ್ಟಿ ಪ್ಲಾಸ್ಟರಿನ ಪುಡಿ ತಂದು, ಹೆಪ್ಪುಗಟ್ಟುವಾಗ ಅದು ಬಿಸಿಯಾಗುತ್ತದೆಂದು ತಿಳಿದವಳಾದ್ದರಿಂದ ತಣ್ಣೀರಿನಲ್ಲಿ ಕಲಸಿ, ತೆಳುವಾಗಿ ಪದರ ಪದರವಾಗಿ ಎರೆದು, ನಡುನಡುವೆ ಫ್ರಿಜ್ಜಿನಲ್ಲಿಟ್ಟು ಕಾದಳು. ಇಷ್ಟು ಜಾಗ್ರತೆಯನ್ನು ಅವಳು ಯಾವ ಗಿರಾಕಿಯ ಹಲ್ಲಿಗೂ ಮಾಡಿರಲಿಲ್ಲ.

ಆಮೇಲೆ ಮಾಡಿದ್ದನ್ನು ಅವಳ ಕಸುಬಿನವರು ಮಾತ್ರ ಮಾಡಬಲ್ಲರು. ಲ್ಯಾಬಿನಲ್ಲಿ ದಿನವೂ ಮೇಣದ ಹಲ್ಲುಗಳ ಸುತ್ತ ಪ್ಲಾಸ್ಟರು ಎರೆದು, ಅದು ಗಟ್ಟಿಯಾದ ಕೂಡಲೇ ಕುದಿನೀರು ಹುಯ್ದು ಒಳಗಿನ ಮೇಣ ಕರಗಿಸಿ ತೆಗೆಯುವುದು ರೂಢಿ. ಮೂಲ ಹೋಗಬೇಕು, ಪಡಿಯಚ್ಚು ಉಳಿಯಬೇಕು. ಹದಿನೇಳು ವರ್ಷ ಕೈಗೆ ಹತ್ತಿದ ಪಾಠ. ಒಲೆಯ ಮೇಲೆ ನೀರು ಕಾಯಿಸಿದ್ದು, ಪ್ಲಾಸ್ಟರು ಹೊತ್ತ ಚಾಕೊಲೇಟನ್ನು ಅದರೊಳಗೆ ಇಳಿಬಿಟ್ಟದ್ದು ಅವಳಲ್ಲ, ಅವಳ ಕೈ. ಕಂದುಬಣ್ಣದ ಕೊನೆಯ ಎಳೆ ನೀರಿನಲ್ಲಿ ಸುತ್ತುತ್ತ ಮಾಯವಾದಾಗಲೇ ಅವಳಿಗೆ ಸಾಕ್ಷಿಯನ್ನೇ ಕರಗಿಸಿದೆನೆಂದು ಹೊಳೆಯಿತು. ಬಿಳಿ ಹಲ್ಲುಗಳು ಇಕ್ಕಳದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಪ್ಲಾಸ್ಟರಿನ ಹಲ್ಲುಗಳನ್ನು ಮೇಜಿನ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಇಳಿಸಿ ನೋಡಿದರು. ಚಾಕೊಲೇಟು ಎಲ್ಲಿ ಎಂದು ಕೇಳಿದರು. ಕರಗಿಸಿದೆ ಎಂದು ಅವಳು ಹೇಳಿದಾಗ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ಎತ್ತಿಬಿಟ್ಟ.

"ನಿಮ್ಮ ಕೆಲಸ ಏನಮ್ಮಾ?"

"ಹಲ್ಲು ಮಾಡೋದು."

"ಹಾಗಾದ್ರೆ ಇದು ನೀವು ಮಾಡಿದ ಹಲ್ಲು" ಎಂದು ಅವರು ಅದನ್ನು ಮೆಲ್ಲಗೆ ಅವಳ ಕಡೆ ಸರಿಸಿದರು. "ಕಳ್ಳನದು ಅಂತ ನಾನು ನಂಬ್ತೀನಿ. ಕೋರ್ಟು ನಂಬಲ್ಲ."

ಮನೆಯಲ್ಲಿ ಗಂಡ ತನಗೆ ತಿಳಿದ ರೀತಿಯಲ್ಲಿ ಯುದ್ಧಕ್ಕೆ ನಿಂತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದವನು. ಬೋಲ್ಟು ಬಿಗಿದರೆ ಬಿಚ್ಚಲು ಅವನೇ ಬರಬೇಕು. ಬಚ್ಚಲ ಕಿಟಕಿಗೆ ಕಂಬಿ, ಹಿಂಬಾಗಿಲಿಗೆ ಅಡ್ಡಪಟ್ಟಿ, ಮುಂಬಾಗಿಲಿಗೆ ಮೂರು ಬೀಗ, ಮೆಟ್ಟಿಲ ಮೇಲೆ ಬೆಕ್ಕು ಹಾದರೂ ಬೊಬ್ಬೆ ಹೊಡೆಯುವ ಸೈರನ್ನು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಎದುರುಮನೆಯ ದರ್ಜಿ ಹೇಳಿ ಹೋದ. ಬೇರೆ ದಿನಗಳಾಗಿದ್ದರೆ ಆ ಮಾತು ಅತ್ತೆಯ ಬಾಯಿಂದ ಮೊದಲು ಬರುತ್ತಿತ್ತು. ಅತ್ತೆ ಈಗ ಕುರ್ಚಿಯನ್ನು ಗೋಡೆಗೆ ಒತ್ತಿ, ಬೆನ್ನ ಹಿಂದೆ ಜಾಗ ಬಿಡದೆ ಕೂರುತ್ತಿದ್ದರು. ಫೋನು ಬಂದರೆ ಎತ್ತುತ್ತಿರಲಿಲ್ಲ. ಮೂರು ಬೀಗಗಳಲ್ಲಿ ನಡುವಿನದು ಅವರ ಸೊಟ್ಟ ಬೆರಳುಗಳಿಗೆ ತಿರುಗುತ್ತಲೇ ಇರಲಿಲ್ಲ. ಕಳ್ಳ ಒಂದು ಮಧ್ಯಾಹ್ನ ಕೂಡಿಹಾಕಿದ್ದವರನ್ನು ನಾವು ದಿನಾ ಕೂಡಿಹಾಕುತ್ತಿದ್ದೇವೆ ಎಂದು ಹಲ್ಲಕ್ಕ ಒಮ್ಮೆ ಗಂಡನಿಗೆ ಹೇಳಿದಳು. ಅವನು ಬೀಗಕ್ಕೆ ಎಣ್ಣೆ ಬಿಟ್ಟ.

ಅವಳ ಯುದ್ಧ ಬೇರೆಯಾಗಿತ್ತು. ಪ್ಲಾಸ್ಟರಿನ ಹಲ್ಲುಗಳನ್ನು ಹತ್ತಿಯಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಜನ ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳು. ಆಕಳಿಸುವವರನ್ನು, ನಗುವವರನ್ನು, ಜೋಳದ ತೆನೆ ಕಚ್ಚುವವರನ್ನು ದಿಟ್ಟಿಸಿ ಒಬ್ಬಿಬ್ಬರಿಂದ ಬೈಸಿಕೊಂಡಳು. ಕೆಲಸದ ಮೇಜಿನಲ್ಲಿ ಪಿಂಗಾಣಿ ಉಜ್ಜುವಾಗ ಸಣ್ಣ ಚಕ್ರ ಕಿರ್ರೆಂದರೆ ಅದರ ಕೆಳಗೆ ಅವನ ಹಲ್ಲಿದೆ ಎಂದುಕೊಳ್ಳುವುದು ಅಭ್ಯಾಸವಾಯಿತು. ಕೈಕಾಲು ಮುರಿಸುವ ಯೋಚನೆಗಳು ಅವಳಿಗೆ ಬರಲಿಲ್ಲ. ಅವಳ ಸಿಟ್ಟು ಸಣ್ಣ ಸಾಮಾನುಗಳ ಸಿಟ್ಟು. ಇಕ್ಕಳ, ಮೊನೆ, ಅರ. ಯಾರಿಗೂ ಕಾಣದ ಕಡೆ ಹೋಗಿ ಕೂರುವಂಥದು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕ್ಲಿನಿಕ್ಕುಗಳಿಂದ ಬಂದ ಅಚ್ಚುಗಳಿಗೆ ಪ್ಲಾಸ್ಟರು ಎರೆದು ಬಿಡಿಸುತ್ತಿದ್ದಳು. ಲ್ಯಾಬಿಗೆ ಹೆಸರು ಬರುವುದಿಲ್ಲ, ನಂಬರು ಬರುತ್ತದೆ; ಜೊತೆಗೆ ವಯಸ್ಸು, ಬೇಕಾದ ಹಲ್ಲು, ಬಣ್ಣ. ಆ ಚೀಟಿಯಲ್ಲಿ ಗಂಡಸು, ಮೂವತ್ತನಾಲ್ಕು, ಕೆಳಗಿನ ಬಲಗಡೆಯ ದವಡೆಹಲ್ಲಿನ ಮೇಲೆ ತೊಡಿಸಲು ಪಿಂಗಾಣಿಯ ಟೋಪಿ ಎಂದಿತ್ತು. ಅವಳು ಮೇಲಿನ ಸಾಲನ್ನು ಅಚ್ಚಿನಿಂದ ಬಿಡಿಸಿ ಬೆಳಕಿಗೆ ಹಿಡಿದಳು. ಎಡಗಡೆಯ ಎರಡನೆಯ ಹಲ್ಲು ಅರೆತೆರೆದ ಬಾಗಿಲಾಗಿತ್ತು.

ಅವಳು ಮೊದಲು ಕೈ ತೊಳೆದುಕೊಂಡು ಬಂದಳು. ಕೈಚೀಲದ ಹತ್ತಿಯನ್ನು ಬಿಡಿಸಿದಳು. ಆರು ತಿಂಗಳು ಹಳೆಯ ಹಲ್ಲುಗಳ ತುದಿಯನ್ನು ಇಂದಿನ ಹಲ್ಲುಗಳ ತುದಿಗೆ ತಾಗಿಸಿದಳು. ಒಡೆದ ಮೂಲೆಗೆ ಒಡೆದ ಮೂಲೆ ಕೂತಿತು. ಕೆಳಗಿನವು ಅದೇ ರೀತಿ ಕಾಲು ಮೇಲೆ ಕಾಲು ಹಾಕಿಕೊಂಡಿದ್ದವು. ಅಳತೆ ಕಡ್ಡಿಯಿಂದ ಪ್ರತಿ ಹಲ್ಲಿನ ಅಗಲ ನೋಡಿದಳು. ವ್ಯತ್ಯಾಸವಿತ್ತು, ಆದರೆ ಚಾಕೊಲೇಟು ಕುಗ್ಗುವಷ್ಟು, ಪ್ಲಾಸ್ಟರು ಹಿಗ್ಗುವಷ್ಟು ಮಾತ್ರ. ಪಕ್ಕದ ಮೇಜಿನವಳು ಏನಕ್ಕಾ, ದೇವರನ್ನ ನೋಡಿದ ಹಾಗೆ ನೋಡ್ತಿದ್ದೀಯ ಅಂದಳು. ಹಲ್ಲಕ್ಕ ಹಲ್ಲು ಚೆನ್ನಾಗಿದೆ ಅಂದಳು.

ಹೋಲಿಕೆ ಬೇರೆ, ಖಾತ್ರಿ ಬೇರೆ ಎಂಬ ವಿವೇಕ ಅವಳಿಗಿತ್ತು. ಸೊಟ್ಟ ಹಲ್ಲಿನವರು ಜಗತ್ತಿನಲ್ಲಿ ಒಬ್ಬರೇ ಅಲ್ಲ. ಎರಡನೆಯ ಸಾಕ್ಷಿ ಬೇಕು, ಮತ್ತು ಅದಕ್ಕೆ ಮೊದಲನೆಯದರ ಸುಳಿವು ಸಿಕ್ಕಿರಬಾರದು. ಕ್ಲಿನಿಕ್ಕಿಗೆ ಫೋನು ಮಾಡಿ, ಬಣ್ಣ ಸರಿಯಾಗಿ ಗೊತ್ತಾಗ್ತಿಲ್ಲ, ಪೇಶೆಂಟು ಬಂದಾಗ ನಾನೇ ಒಂದು ಸಲ ನೋಡ್ತೀನಿ ಅಂದಳು. ಮನೆಯಲ್ಲಿ ಅತ್ತೆಯ ಹಲ್ಲುಸೆಟ್ಟು ತೆಗೆಸಿ ನೋಡಿ, ಒಸಡಿಗೆ ಒತ್ತುತ್ತಿದೆ, ಡಾಕ್ಟರಿಗೆ ತೋರಿಸೋಣ ಎಂದಳು. ಬೇರೇನೂ ಹೇಳಲಿಲ್ಲ. ಹೇಳಿ ಕೇಳಿಸಿದರೆ ಕಿವಿ ಹೇಳಿದ್ದನ್ನೇ ಕೇಳುತ್ತದೆ. ಮಾರ್ಚಿನಿಂದ ಹೊಸಿಲು ದಾಟದ ಅತ್ತೆ ಆಟೋದಲ್ಲಿ ಕೂತು ದಾರಿಯುದ್ದಕ್ಕೂ ಅವಳ ಸೆರಗಿನ ತುದಿ ಹಿಡಿದಿದ್ದರು.

ಕ್ಲಿನಿಕ್ಕಿನ ಹೊರಗೋಣೆಯಲ್ಲಿ ಕುರ್ಚಿಗಳು ತುಂಬಿದ್ದವು. ಬಿಳಿ ಅಂಗಿಯ ಒಬ್ಬ ಮೊಬೈಲಿನಿಂದ ತಲೆಯೆತ್ತಿ, ಅತ್ತೆಯನ್ನು ಕಂಡು, ಎದ್ದು ನಿಂತ.

"ಕೂತ್ಕೊಳ್ಳಿ ಅಜ್ಜಿ. ಇಲ್ಲಿ ಫ್ಯಾನಿದೆ, ತಣ್ಣಗಿದೆ."

ಅತ್ತೆ ಕೂತರು. ಅವರ ಕೈ ಹಲ್ಲಕ್ಕನ ಮಣಿಕಟ್ಟನ್ನು ಹುಡುಕಿ ಹಿಡಿಯಿತು, ಬಳೆಯಿದ್ದಿದ್ದರೆ ಒಡೆಯುತ್ತಿತ್ತು. ಅವನು ಇನ್ನೊಮ್ಮೆ ಅತ್ತೆಯ ಮುಖ ನೋಡಿದ, ಮುಗುಳ್ನಕ್ಕ, ಗೋಡೆಗೆ ಒರಗಿ ಮತ್ತೆ ಮೊಬೈಲು ನೋಡತೊಡಗಿದ. ಹೆದರಿ ನಟಿಸುವವನ ಕಣ್ಣು ಹೇಗಿರುತ್ತದೆಂದು ಹಲ್ಲಕ್ಕ ಆರು ತಿಂಗಳು ಊಹಿಸಿಕೊಂಡಿದ್ದಳು. ಈ ಕಣ್ಣಿನಲ್ಲಿ ಅದೊಂದೂ ಇರಲಿಲ್ಲ. ಅವನಿಗೆ ಗುರುತೇ ಹತ್ತಿರಲಿಲ್ಲ. ಒಂದು ಮನೆಯನ್ನು, ಒಂದು ದನಿಯನ್ನು ಇಲ್ಲವಾಗಿಸಿ ಹೋದವನಿಗೆ ಅದು ಬಾಯಿ ಒರೆಸಿಕೊಂಡಷ್ಟೂ ನೆನಪಿರಲಿಲ್ಲ.

ಒಳಗೆ ಕುರ್ಚಿಯಲ್ಲಿ ಅವನು ಬಾಯಿ ತೆರೆದ. ಅವಳು ಬಣ್ಣದ ಪಟ್ಟಿ ಹಿಡಿದು ಬಗ್ಗಿದಳು. ಅವನ ಉಸಿರು ಅವಳ ಬೆರಳಿಗೆ ತಾಗಿತು. ನೋಯಿಸಲ್ಲ ತಾನೆ ಮೇಡಂ ಎಂದು ಕೇಳಿದ. ಇಲ್ಲ ಎಂದಳು.

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಒಂದು ಲೋಟ ನೀರು ಕುಡಿದಾದ ಮೇಲೆ ಅತ್ತೆ ಮಾತಾಡಿದರು. "ಅವನೇ. ಅವತ್ತೂ ಹೀಗೇ ಬೆಣ್ಣೆ ಹಚ್ಚಿ ಮಾತಾಡಿದ್ದ. ನಿನಗೆ ಮೊದಲೇ ಗೊತ್ತಿತ್ತು."

ಹಲ್ಲಕ್ಕ ಹತ್ತಿ ಬಿಡಿಸಿ ತೋರಿಸಿದಳು. ಎಲ್ಲ ಹೇಳಿದಳು. ಸ್ಟೇಷನ್ನಿಗೆ ಹೋಗಿ ದನಿ ಗುರುತಿಸಿದೆ ಎನ್ನಬಹುದು ಎಂದೂ ಹೇಳಿದಳು. ಅತ್ತೆ ಬೇಡವೆಂದು ತಲೆಯಾಡಿಸಿದರು.

"ಎದುರು ನಿಲ್ಲಿಸಿ ಬೆರಳು ತೋರಿಸು ಅಂತಾರೆ. ತೋರಿಸ್ತೀನಿ. ಸಾಲಲ್ಲ ಅಂತ ಬಿಟ್ಟುಬಿಡ್ತಾರೆ. ಅವನಿಗೆ ಮನೆ ದಾರಿ ಹೇಳಿಕೊಡಬೇಕಾ?" ಲೋಟ ಕೆಳಗಿಟ್ಟರು. "ಹಲ್ಲು ಮಾಡೋಳು ನೀನೇ ಅಲ್ವಾ?"

"ನಾನೇ."

"ಏನ್ ಮಾಡೋಕಾಗುತ್ತೆ ಅದ್ರಲ್ಲಿ?"

ಹಲ್ಲಕ್ಕ ಅದನ್ನು ಬೆಳಿಗ್ಗೆಯಿಂದ ಯೋಚಿಸಿಟ್ಟಿದ್ದಳು. ನಾಲಿಗೆಗೆ ಕೂದಲೂ ಹಗ್ಗ ಎಂದು ಲ್ಯಾಬಿನ ಯಜಮಾನರು ಹೊಸಬರಿಗೆಲ್ಲ ಹೇಳುತ್ತಿದ್ದರು. ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಬಾಯಿಗೆ ಗೊತ್ತಾಗುತ್ತದೆ. ಡಾಕ್ಟರು ನೀಲಿ ಕಾಗದ ಕಚ್ಚಿಸಿ, ಚುಕ್ಕೆ ಬಿದ್ದಲ್ಲಿ ಉಜ್ಜಿ ಸರಿ ಮಾಡುತ್ತಾರೆ. ಆದ್ದರಿಂದ ನೇರಕ್ಕೆ ಕಚ್ಚುವಾಗ ಎತ್ತರವಿರಕೂಡದು. ಆದರೆ ದವಡೆ ಎಡಕ್ಕೆ ಜಾರಿದಾಗ ಬಲಗಡೆಯ ಹಲ್ಲುಗಳು ಒಂದನ್ನೊಂದು ಬಿಟ್ಟುಕೊಡಬೇಕು, ಎಡಗಡೆಯ ಕೋರೆಹಲ್ಲುಗಳು ತಾಗಿಕೊಂಡು ದಾರಿ ತೋರಿಸಬೇಕು; ದೇಹದ ಕಟ್ಟಳೆ ಅದು. ಟೋಪಿಯ ಹೊರಮೊನೆಯ, ಅಂದರೆ ಕೆನ್ನೆಯ ಕಡೆಯ ಉಬ್ಬಿನ, ಒಳ ಇಳಿಜಾರಿನಲ್ಲಿ ಒಂದು ಕಣ ಪಿಂಗಾಣಿ ಹೆಚ್ಚಿದ್ದರೆ ಅದು ಬಿಟ್ಟುಕೊಡುವುದಿಲ್ಲ. ಎಡಗಡೆಯ ಕೋರೆಹಲ್ಲುಗಳ ನಡುವೆ ಸಂದು ಬಿಡುತ್ತದೆ, ದವಡೆಯ ಭಾರವೆಲ್ಲ ಆ ಒಂದು ಕಣದ ಮೇಲೆ ಬೀಳುತ್ತದೆ. ಆ ಡಾಕ್ಟರು ಕೈಚುರುಕಿನವರು, ಟಕ್ ಟಕ್ ಎಂದು ಎರಡು ಸಲ ಕಚ್ಚಿಸಿ ಮುಗಿಸುವವರು. ಪಕ್ಕಕ್ಕೆ ಅರೆಸಿ ನೋಡುವ ಅಭ್ಯಾಸವಿಲ್ಲ. ಪಿಂಗಾಣಿ ಹಲ್ಲಿಗಿಂತ ಗಟ್ಟಿ, ಸವೆಯುವುದು ಎದುರಿನದು. ನೋವು ಹಲ್ಲಿನಲ್ಲಿ ಬರುವುದಿಲ್ಲ. ಕಿವಿಯ ಮುಂದೆ ಹುಟ್ಟಿ ಕಪಾಲಕ್ಕೆ ಹತ್ತುತ್ತದೆ. ಅವನು ಕಿವಿಯ ಡಾಕ್ಟರಿಗೆ, ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳುತ್ತ ತಿರುಗಬೇಕು.

ಇಷ್ಟನ್ನೂ ಅತ್ತೆಗೆ ಅರ್ಥವಾಗುವ ಹಾಗೆ ಹೇಳಿದಳು. ಅತ್ತೆ ಅವಳನ್ನೇ ನೋಡುತ್ತ ಕೇಳಿಸಿಕೊಂಡರು.

"ಮೂಳೆ ಮುರಿದ್ರೂ ಆರು ವಾರದಲ್ಲಿ ಕೂಡಿಕೊಳ್ಳುತ್ತೆ. ಇದು?"

"ಇದು ಕೂಡ್ಕೊಳ್ಳಲ್ಲ ಅತ್ತೆ. ಅಗಿದಾಗೆಲ್ಲ ಇರುತ್ತೆ."

ಅತ್ತೆಯ ತುಟಿಯ ತುದಿಯಲ್ಲಿ ಏನೋ ಆಡಿತು. ಮಾರ್ಚಿನಿಂದ ಅಲ್ಲಿ ಏನೂ ಆಡಿರಲಿಲ್ಲ. ಆ ರಾತ್ರಿ ಅವರು ಎರಡನೆಯ ಸಲ ಬಡಿಸಿಕೊಂಡು ಉಂಡರು. ಮಗ ಅದನ್ನು ಹೊಸ ಬೀಗಗಳ ಫಲವೆಂದುಕೊಂಡ.

ಶನಿವಾರ ಗಂಡನಿಗೆ ಪಾಳಿ ಇದ್ದದ್ದರಿಂದ ಹಲ್ಲಕ್ಕ ಅತ್ತೆಯನ್ನು ಲ್ಯಾಬಿಗೆ ಕರೆದುಕೊಂಡು ಬಂದಳು. ಮಧ್ಯಾಹ್ನ ಉಳಿದವರು ಮನೆಗೆ ಹೋದರು. ಕಿಟಕಿಯ ಬಿಸಿಲಿನಲ್ಲಿ ಪ್ಲಾಸ್ಟರಿನ ಧೂಳು ತೇಲುತ್ತಿತ್ತು. ಟೋಪಿ ಸಿದ್ಧವಾಗಿತ್ತು. ಮೊದಲು ಸರಿಯಾದದ್ದನ್ನೇ ಮಾಡಿ ಆಮೇಲೆ ಕೆಡಿಸುವುದು ಎಂದುಕೊಂಡು ಮಾಡಿದ್ದಳು, ಆದರೆ ಕೈ ತನ್ನ ಹಟ ಬಿಟ್ಟಿರಲಿಲ್ಲ. ಅವಳು ಈಚೆಗೆ ಮಾಡಿದವುಗಳಲ್ಲೆಲ್ಲ ಇಷ್ಟು ಚೆಂದದ್ದು ಬೇರೆ ಇರಲಿಲ್ಲ. ಅವನ ಮೇಲಿನ ಕೆಳಗಿನ ಸಾಲುಗಳು, ದವಡೆಯಂತೆ ತೆರೆದು ಮುಚ್ಚುವ ಲೋಹದ ಕೀಲುಯಂತ್ರದಲ್ಲಿ ಕೂತು ಮೇಜಿನ ಮೇಲಿದ್ದವು.

"ಇದೇನಾ ಅವನು?" ಎಂದರು ಅತ್ತೆ.

ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಭಾರ ನೋಡಿದರು. ಮೇಲಿನ ದವಡೆ ಎತ್ತಿ ಬಿಟ್ಟರು, ಟಕ್ಕೆಂದಿತು. ಮತ್ತೊಮ್ಮೆ. ಆಮೇಲೆ ಅದನ್ನು ತಮ್ಮ ಮುಖದ ಎದುರು ಹಿಡಿದು, ದವಡೆ ಆಡಿಸುತ್ತ, ಅವನ ದನಿಯಲ್ಲೇ ಮಾತಾಡಿಸಿದರು.

"ಅಜ್ಜಿ, ಗಲಾಟೆ ಮಾಡ್ಬೇಡಿ."

ಅವನದೇ ದನಿ, ಅದೇ ಮೆತ್ತನೆ. ಎಕ್ಸ್‌ಚೇಂಜಿನ ಕಾಲದಲ್ಲಿ ಸಾಹೇಬರುಗಳ ಅಣಕು ಮಾಡಿ ಗೆಳತಿಯರನ್ನು ನಗಿಸುತ್ತಿದ್ದರೆಂದು ಅವಳು ಕೇಳಿದ್ದಳು, ನೋಡಿದ್ದು ಇದೇ ಮೊದಲು.

"ಮಾಡ್ತೀನಿ ಕಣೋ" ಎಂದರು ಅತ್ತೆ ತಮ್ಮ ದನಿಯಲ್ಲಿ. "ಏನ್ ಮಾಡ್ತೀಯ? ಕಚ್ತೀಯಾ? ಕಚ್ಚು ನೋಡೋಣ." ತೋರುಬೆರಳನ್ನು ಹಲ್ಲುಗಳ ನಡುವೆ ಇಟ್ಟು ಕಾದರು. "ಕಚ್ಚಲ್ಲ. ಬರೀ ಚಾಕೊಲೇಟ್ ಕಚ್ಚೋ ಮುಖ ನಿಂದು. ನನ್ನ ರೇಡಿಯೋ ಎಲ್ಲೋ? ಅದರ ಕಿವಿ ತಿರುಚದಿದ್ರೆ ಹಾಡಲ್ಲ, ಗೊತ್ತಾ ನಿಂಗೆ? ಕದ್ದು ಏನ್ ಬಂತು, ಮೂಕ ರೇಡಿಯೋ."

ಬೈಗುಳಗಳು ಒಂದರ ಹಿಂದೊಂದು ಬಂದವು. ಅವನ ವಂಶ, ಅವನ ಕರ್ಚೀಫು, ಒಡೆದ ಹಲ್ಲಿನ ಮೂಲೆ, ಯಾವುದನ್ನೂ ಬಿಡಲಿಲ್ಲ. ಪ್ರತಿ ಬೈಗುಳಕ್ಕೂ ಅವನಿಂದಲೇ "ಹೌದು ಅಜ್ಜಿ" ಎನ್ನಿಸಿ ದವಡೆ ಟಕ್ಕೆನ್ನಿಸಿದರು. ಕೊನೆಗೆ ನಗು ಬಂತು. ಮೊದಲು ಕೆಮ್ಮಿನ ಹಾಗೆ, ಆಮೇಲೆ ತಾವೇ ತಡೆಯಲಾರದ ಹಾಗೆ. ಹಲ್ಲುಸೆಟ್ಟು ಸಡಿಲವಾಗಿ, ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿಕೊಂಡು ಮತ್ತೆ ನಕ್ಕರು. ಕಣ್ಣೊರೆಸಿಕೊಂಡು ಯಂತ್ರವನ್ನು ಮೇಜಿನ ಮೇಲಿಟ್ಟರು.

"ಇಡೀ ಮನೆ ಗಡಗಡ ಅನ್ನಿಸಿದ್ದು ಈ ಸೊಟ್ಟ ಬಾಯಿ ನೋಡು" ಎಂದರು. "ಸಾಕಾಯ್ತು ಕಣೇ ನಂಗೆ. ಟೋಪಿ ಹಾಗೇ ಕಳಿಸಿಬಿಡು."

"ಹಾಗೇ ಅಂದ್ರೆ?"

"ಹಾಗೇ ಅಂದ್ರೆ ಹಾಗೇ. ಚೆನ್ನಾಗಿದೆಯಲ್ಲ. ಅವನು ನಮ್ಮನೆಗೆ ಒಂದು ಸಲ ಬಂದ, ಹೋದ. ನೀನು ಇದನ್ನ ಮಾಡಿದ್ರೆ ಅವನ ಬಾಯಲ್ಲೇ ಸಂಸಾರ ಹೂಡಿದ ಹಾಗೆ. ದಿನಾ ಅವನ ಜೊತೆ ಅಗೀತಾ ಕೂತಿರ್ತೀಯ."

ಅತ್ತೆ ಎದ್ದು ಸೀರೆಯ ಧೂಳು ಕೊಡವಿಕೊಂಡು ಕೈ ಚಾಚಿದರು. ಕೀಲಿಕೈ ಕೇಳಿದರು. ನಡುವಿನ ಬೀಗ ನಿಮಗೆ ತಿರುಗಲ್ಲ ಎಂದು ಅವಳು ಹೇಳಿದಳು. ತಿರುಗದಿದ್ದರೆ ದರ್ಜಿಯನ್ನು ಕರೀತೀನಿ, ಅವನ ಗಾದೆಗೆ ನನ್ನ ಹತ್ತಿರ ಒಂದು ಉತ್ತರ ಬಾಕಿಯಿದೆ ಎಂದರು. ಜೊತೆಗೆ ಬರ್ತೀನಿ ಅಂದದ್ದಕ್ಕೂ ಒಪ್ಪಲಿಲ್ಲ. ಕಿಟಕಿಯಿಂದ ನೋಡಿದರೆ, ಒಬ್ಬರೇ ರಸ್ತೆ ದಾಟಿ, ಆಟೋದವನ ಜೊತೆ ಬಾಡಿಗೆಗೆ ಜಗಳವಾಡಿ, ಗೆದ್ದು, ಹತ್ತಿ ಕೂತರು.

ಹಲ್ಲಕ್ಕ ಮೇಜಿಗೆ ಬಂದು ಕೂತಳು. ಟೋಪಿಯನ್ನು ಪೆಟ್ಟಿಗೆಗೆ ಹಾಕಿ ನಂಬರು ಅಂಟಿಸಿದರೆ ಕೆಲಸ ಮುಗಿಯುತ್ತಿತ್ತು. ಪೆಟ್ಟಿಗೆ ತೆಗೆದು ಪಕ್ಕದಲ್ಲಿಟ್ಟಳು. ಅತ್ತೆ ನಕ್ಕದ್ದರಿಂದ ತನಗೆ ಹಗುರವಾಗಬೇಕಿತ್ತು. ಎಲ್ಲಿ ಹಗುರವಾಗಿದೆ ಎಂದು ತನ್ನೊಳಗೆ ಹುಡುಕಿದಳು. ಇಷ್ಟು ದಿನ ಅತ್ತೆಯದೆಂದು ಹೊತ್ತು ತಿರುಗಿದ ಸಿಟ್ಟನ್ನು ಅತ್ತೆ ವಾಪಸು ಕೇಳದೆಯೇ ಹೊರಟುಹೋಗಿದ್ದರು. ಅದು ಅಲ್ಲೇ ಇತ್ತು, ಮೊದಲ ದಿನ ಫ್ರಿಜ್ಜಿನ ಬಾಗಿಲಲ್ಲಿ ಕೂತ ಜಾಗದಲ್ಲೇ, ಗಟ್ಟಿಯಾಗಿ, ತಣ್ಣಗೆ. ಕ್ಲಿನಿಕ್ಕಿನಲ್ಲಿ ಎದ್ದು ಜಾಗ ಕೊಟ್ಟವನ ಆ ಮುಗುಳ್ನಗೆ ನೆನಪಾಯಿತು. ಬಾಗಿಲ ಸಂದಿಯಲ್ಲಿ ಕೈ ತೂರಿಸಿದಾಗ ಬೆರಳಿಗೆ ಕೂದಲು ಸಿಕ್ಕಿದ್ದು ಅವಳಿಗೆ, ಅತ್ತೆಗಲ್ಲ. ಆ ಒಂದು ಗಳಿಗೆ ಅದು ಬೆಚ್ಚಗಿದೆಯೋ ಇಲ್ಲವೋ ಎಂದು ಸವರಿ ನೋಡಿದವಳು ಅವಳು.

ಪಿಂಗಾಣಿ ಪುಡಿಯನ್ನು ಗಾಜಿನ ಹಲಗೆಯ ಮೇಲೆ ನೀರಿನಲ್ಲಿ ಕಲಸಿದಳು. ಅತಿ ಸಣ್ಣ ಕುಂಚದ ತುದಿಯಿಂದ ಒಂದು ಕಣ ತೆಗೆದು ಹೊರಮೊನೆಯ ಒಳ ಇಳಿಜಾರಿನಲ್ಲಿ ಇಟ್ಟಳು. ಉಸಿರು ಬಿಗಿಹಿಡಿದು ಅದರ ಅಂಚನ್ನು ಸವರಿ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಮಾಡಿದಳು. ಟೋಪಿ ಇಟ್ಟ ಕುಲುಮೆಯ ತಳ ಮೆಲ್ಲಗೆ ಮೇಲೇರಿ ಮುಚ್ಚಿಕೊಂಡಿತು. ಶಾಖ ಏರುತ್ತಿರುವಾಗ ಫೋನು ಬಂತು.

"ಸೇರ್ದೆ" ಎಂದರು ಅತ್ತೆ. "ನಡುವಿಂದೂ ತಿರುಗಿತು, ಸ್ವಲ್ಪ ಬೈದೆ ಅದಕ್ಕೆ. ಕಿಟಕಿಯೆಲ್ಲ ತೆಗೆದು ಕೂತಿದ್ದೀನಿ. ನಿಂದು ಮುಗೀತಾ?"

"ಮುಗೀತಾ ಬಂತು."

"ಸರಿಯಾಗಿ ಕೂತಿತಾ?"

"ಕೂತಿತು ಅತ್ತೆ."

ಫೋನು ಇಟ್ಟಳು. ಕುಲುಮೆ ತಣಿದ ಮೇಲೆ ಟೋಪಿಯನ್ನು ಇಕ್ಕಳದಲ್ಲಿ ತೆಗೆದು, ಹೊಳಪು ನೋಡಿ, ಅವನ ದವಡೆಯ ಮೇಲೆ ಕೂರಿಸಿದಳು. ನೇರಕ್ಕೆ ಮುಚ್ಚಿದಳು. ಎಲ್ಲ ಹಲ್ಲುಗಳೂ ಒಟ್ಟಿಗೆ ಕೂಡಿದವು. ತೆಳು ಹಾಳೆಯನ್ನು ಎಲ್ಲಿಟ್ಟು ಎಳೆದರೂ ಬಿಗಿಯಾಗಿ ಹಿಡಿದವು. ಕೆಳದವಡೆಯನ್ನು ಎಡಕ್ಕೆ ಜಾರಿಸಿ ಕಿಟಕಿಯ ಕಡೆ ಹಿಡಿದಳು. ತಾಗಿಕೊಂಡಿರಬೇಕಾದ ಕೋರೆಹಲ್ಲುಗಳ ನಡುವೆ ಸಂಜೆಯ ಬೆಳಕಿನ ಒಂದು ಗೆರೆ ಕಂಡಿತು. ಉಕ್ಕಿನ ಅಳತೆ ಪಟ್ಟಿಗಳನ್ನು ಒಂದೊಂದಾಗಿ ಅದರೊಳಗೆ ತೂರಿಸಿ, ಸರಿಯಾಗಿ ಹಿಡಿದದ್ದನ್ನು ಬೆಳಕಿಗೆ ತಿರುಗಿಸಿ ಓದಿದಳು. ಪೆಟ್ಟಿಗೆ ಮುಚ್ಚಿ ನಂಬರು ಅಂಟಿಸಿದಳು. ಸಂದು 0.15 ಮಿಲಿಮೀಟರ್ ಇತ್ತು.